ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿಶಿಗನ್ ಸರೋವರದಲ್ಲಿ ಸಾಮನ್ ಮತ್ತು ಟ್ರೌಟ್

ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಅದರ ಹಿಂದೆ ಹಲವು ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆದೊಯ್ದು ಮೀನು ಹಿಡಿಯುವ ಕ್ರಮಕ್ಕೆ ಟ್ರೋಲಿಂಗ್ ಎಂಬ ಹೆಸರಿದೆ. ಈ ಬಗ್ಗೆ ಶಿಕಾಗೊ ಮತ್ತು ಮಿಲ್ವಾಕಿ ಸುತ್ತಮುತ್ತಲಿನ ಕನ್ನಡಿಗ ಓದುಗರು ಕಳುಹಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಭದ್ರಾ ಹಿನ್ನೀರಿನಲ್ಲಿ ಗಾಳ ಹಾಕಿ ಬೆಳೆದವನು ನಾನು. ಜುಲೈಯಲ್ಲಿ ಸ್ನೇಹಿತರ ದೋಣಿಯಲ್ಲಿ ವಾಕೀಗನ್ ಬಂದರಿನಿಂದ ಹೊರಟು, ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತಿದರೂ ಒಂದು ಮೀನೂ ಕಚ್ಚಲಿಲ್ಲ. ಅದೇ ದಿನ ಬೇರೆ ದೋಣಿಯವರ ಪೆಟ್ಟಿಗೆ ತುಂಬಿತ್ತು. ಅವರ ಬಳಿ ನಮ್ಮಲ್ಲಿಲ್ಲದ ಯಾವ ಸಲಕರಣೆ ಇದ್ದಿರಬಹುದು? (ನೇಪರ್‌ವಿಲ್‌ನ ಓದುಗರು)

ಉತ್ತರ: ಸಲಕರಣೆಗಿಂತ ಮೊದಲು ನೀರಿನ ಉಷ್ಣತೆಯನ್ನು ವಿಚಾರಿಸಬೇಕು. ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಅತಿ ಹೆಚ್ಚಿನ ಆಳ 281 ಮೀಟರ್. ಇಷ್ಟು ನೀರಿನಲ್ಲಿ ಮೀನನ್ನೇ ಹುಡುಕುತ್ತ ಹೊರಟರೆ ದಿನ ಸಾಲದು, ಮೀನಿಗೆ ಒಗ್ಗುವ ನೀರನ್ನು ಹುಡುಕಿದರೆ ಕೆಲಸ ಅರ್ಧ ಮುಗಿದಂತೆಯೇ. ಬೇಸಿಗೆಯಲ್ಲಿ ಸೂರ್ಯನ ಬಿಸಿಗೆ ಕಾದ ಹಗುರವಾದ ನೀರು ಹಾಲಿನ ಕೆನೆಯ ಹಾಗೆ ಮೇಲೆ ನಿಲ್ಲುತ್ತದೆ, ಅದರಡಿ ತಣ್ಣನೆಯ ಭಾರವಾದ ನೀರಿರುತ್ತದೆ. ಇವೆರಡರ ನಡುವೆ ಕೆಲವೇ ಮೀಟರ್‌ಗಳಲ್ಲಿ ಉಷ್ಣತೆ ಸರ್ರನೆ ಇಳಿಯುವ ಪದರವನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಶಿನೂಕ್ ಸಾಮನ್ ಸುಮಾರು 9ರಿಂದ 12 ಡಿಗ್ರಿ ಸೆಲ್ಸಿಯಸ್‌ನ ನೀರನ್ನು ಬಯಸುತ್ತದೆ, ಲೇಕ್ ಟ್ರೌಟ್ ಅದಕ್ಕಿಂತ ತಣ್ಣನೆಯದನ್ನು, ಸ್ಟೀಲ್‌ಹೆಡ್ ಮತ್ತು ಬ್ರೌನ್ ಟ್ರೌಟ್ ಸ್ವಲ್ಪ ಬೆಚ್ಚನೆಯದನ್ನು ಬಯಸುತ್ತವೆ. ನೀವು ಹೋದ ದಿನ ಮೇಲ್ಪದರದ ಉಷ್ಣತೆ 20 ಡಿಗ್ರಿಯನ್ನು ದಾಟಿದ್ದು, ನಿಮ್ಮ ಗಾಳಗಳೆಲ್ಲ ಐದಾರು ಮೀಟರ್ ಆಳದಲ್ಲೇ ಓಡುತ್ತಿದ್ದರೆ, ಅವು ಇಡೀ ದಿನ ಸಾಮನ್ ಕಾಲಿಡದ ನೀರಿನಲ್ಲಿ ಓಡಿದವೆಂದು ತಿಳಿಯಬೇಕು. (ಮೀನಿಗೆ ಕಾಲಿಲ್ಲ ಎಂದು ಯಾರೂ ಪತ್ರ ಬರೆಯಬೇಕಿಲ್ಲ.)

ಈ ಪದರ ಒಂದೇ ಆಳದಲ್ಲಿ ನಿಲ್ಲುವುದಿಲ್ಲ ಎಂಬುದೇ ತೊಡಕು. ಇಲಿನಾಯ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳು ಸರೋವರದ ಪಶ್ಚಿಮ ದಡದಲ್ಲಿವೆ. ಅಲ್ಲಿ ಪಶ್ಚಿಮದ ಅಥವಾ ನೈಋತ್ಯದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಮೇಲಿನ ಬಿಸಿನೀರು ದಡದಿಂದ ಆಚೆ ಸರಿಯುತ್ತದೆ, ಅದರ ಜಾಗಕ್ಕೆ ತಳದ ತಣ್ಣೀರು ಉಕ್ಕಿ ಬರುತ್ತದೆ. ನಿನ್ನೆ ಈಜಲು ಹಿತವಾಗಿದ್ದ ಕಡಲತೀರದಂಥ ಜಾಗದಲ್ಲಿ ಇಂದು ಕಾಲಿಟ್ಟರೆ ಜುಮ್ಮೆನ್ನುತ್ತದೆ, ಮತ್ತು ಅದರೊಂದಿಗೆ ಸಾಮನ್ ಕೂಡ ದಡದ ಸಮೀಪಕ್ಕೆ ಬಂದಿರುತ್ತದೆ. ಪೂರ್ವದ ಗಾಳಿ ಬಿದ್ದರೆ ಇದಕ್ಕೆ ವಿರುದ್ಧವಾಗಿ ಬಿಸಿನೀರು ದಡದತ್ತ ಒತ್ತಿ ದಪ್ಪವಾಗುತ್ತದೆ, ತಣ್ಣೀರು ಹುಡುಕಿಕೊಂಡು ಇನ್ನೂ ದೂರ, ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಬಂದರಿನಿಂದ ಹೊರಡುವ ಮುನ್ನ ಹಿಂದಿನ ಎರಡು ಮೂರು ದಿನಗಳ ಗಾಳಿಯ ದಿಕ್ಕನ್ನು ನೋಡಿಕೊಳ್ಳುವುದು ಹೊಸ ಸ್ಪೂನ್ (ಮೀನನ್ನು ಮರುಳು ಮಾಡುವ, ಚಮಚದಾಕಾರದ ಲೋಹದ ಹುಸಿ ಮೀನು) ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಆ ಆಳಕ್ಕೆ ಗಾಳವನ್ನು ಇಳಿಸಲು ಡೌನ್‌ರಿಗರ್ ಬೇಕು. ದೋಣಿಯ ಹಿಂಭಾಗದಲ್ಲಿ ಕೂರಿಸುವ ಈ ರಾಟೆಯ ತಂತಿಯ ತುದಿಗೆ ನಾಲ್ಕೂವರೆಯಿಂದ ಐದೂವರೆ ಕಿಲೋ ತೂಕದ ಸೀಸದ ಗುಂಡು ಇರುತ್ತದೆ. ಮೊದಲು ಸ್ಪೂನನ್ನು ದೋಣಿಯಿಂದ ಐದಾರು ಮೀಟರ್ ಹಿಂದಕ್ಕೆ ಬಿಡಬೇಕು, ಆ ದಾರವನ್ನು ಗುಂಡಿನ ಮೇಲಿನ ಕ್ಲಿಪ್ಪಿಗೆ ಸಿಕ್ಕಿಸಬೇಕು, ರೀಲಿನ ಬಿಗಿಯನ್ನು ಸಡಿಲಿಸಿ ಗುಂಡನ್ನು ಬೇಕಾದ ಆಳಕ್ಕೆ ಇಳಿಸಬೇಕು. ಅನಂತರ ದಾರವನ್ನು ಮತ್ತೆ ಸುತ್ತಿ ಕೋಲಿನ ತುದಿ ನೀರಿನ ಕಡೆಗೆ ಚೆನ್ನಾಗಿ ಬಾಗುವಷ್ಟು ಬಿಗಿ ಮಾಡಬೇಕು. ಹೊಸಬರು ಈ ಕೊನೆಯ ಹಂತವನ್ನೇ ಬಿಟ್ಟುಬಿಡುತ್ತಾರೆ. ಕೋಲು ಬಾಗಿದ್ದರೆ ಮೀನು ಕಚ್ಚಿ ಕ್ಲಿಪ್ ಬಿಟ್ಟ ಕ್ಷಣ ಅದು ತಟ್ಟನೆ ನೆಟ್ಟಗಾಗಿ ಸಡಿಲ ದಾರವನ್ನು ತಾನೇ ಎಳೆದುಕೊಳ್ಳುತ್ತದೆ, ಮರುಕ್ಷಣದಲ್ಲಿ ಮೀನಿನ ಭಾರಕ್ಕೆ ಮತ್ತೆ ಬಾಗುತ್ತದೆ. ಸಡಿಲವಾಗಿದ್ದರೆ ಕೊಕ್ಕೆ ನೆಡುವ ಮೊದಲೇ ಮೀನು ಉಗುಳಿ ಹೋಗಿರುತ್ತದೆ. ಗುಂಡು ವೇಗಕ್ಕೆ ಹಿಂದಕ್ಕೆ ಒಲೆಯುವುದರಿಂದ ರಾಟೆಯ ಮಾಪಕ ಮೂವತ್ತು ಮೀಟರ್ ತೋರಿಸಿದಾಗ ನಿಜವಾದ ಆಳ ಅದಕ್ಕಿಂತ ಕಡಿಮೆ ಇರುತ್ತದೆ ಎಂಬುದೂ ನೆನಪಿರಲಿ.

ಡೌನ್‌ರಿಗರ್ ಇಲ್ಲದವರು ಸೀಸದ ಎಳೆಯುಳ್ಳ ಲೆಡ್‌ಕೋರ್ ದಾರವನ್ನು ಬಳಸಬಹುದು. ಅದರ ಬಣ್ಣ ಪ್ರತಿ ಹತ್ತು ಗಜಕ್ಕೆ ಬದಲಾಗುತ್ತದೆ, ಸಾಮಾನ್ಯ ಟ್ರೋಲಿಂಗ್ ವೇಗದಲ್ಲಿ ಒಂದೊಂದು ಬಣ್ಣ ಸುಮಾರು ಒಂದೂವರೆ ಮೀಟರ್ ಆಳಕ್ಕೆ ಒಯ್ಯುತ್ತದೆ ಎಂಬ ಅಂದಾಜಿನಲ್ಲಿ ಕೆಲಸ ಮಾಡಿದರೆ ಸಾಕು. ಡಿಪ್ಸಿ ಡೈವರ್ ಎಂಬ ಪ್ಲಾಸ್ಟಿಕ್ ಬಿಲ್ಲೆ ಇನ್ನೂ ಅಗ್ಗ. ಅದರ ಅಡಿಯ ಫಲಕವನ್ನು 1, 2, 3 ಎಂದು ತಿರುಗಿಸಿದಂತೆ ಗಾಳ ದೋಣಿಯ ಪಕ್ಕಕ್ಕೆ ಹೆಚ್ಚು ಹೆಚ್ಚು ಸರಿಯುತ್ತದೆ, ಆದರೆ ಅದೇ ಉದ್ದದ ದಾರಕ್ಕೆ ಕಡಿಮೆ ಆಳ ಹೋಗುತ್ತದೆ.

ಪ್ರಶ್ನೆ: ಉತ್ತರಕ್ಕೆ ಹೋಗುವಾಗ ಮೂರು ಮೀನು ಸಿಕ್ಕವು. ಅದೇ ಜಾಡಿನಲ್ಲಿ, ಅದೇ ವೇಗದಲ್ಲಿ, ಅದೇ ಗಾಳಗಳೊಂದಿಗೆ ದಕ್ಷಿಣಕ್ಕೆ ಮರಳಿದಾಗ ಒಂದೂ ಇಲ್ಲ. ಇದು ಕೇವಲ ಅದೃಷ್ಟವೇ? (ರಸೀನ್‌ನ ಓದುಗರು)

ಉತ್ತರ: ಅದೃಷ್ಟವಲ್ಲ. ನೀವು "ಅದೇ ವೇಗ" ಎಂದಿರುವುದು ಜಿಪಿಎಸ್ ತೋರಿಸಿದ ವೇಗ, ಅಂದರೆ ನೆಲಕ್ಕೆ ಹೋಲಿಸಿದ ದೋಣಿಯ ವೇಗ. ಸ್ಪೂನ್ ಹೇಗೆ ಹೊರಳಾಡುತ್ತದೆ ಎಂಬುದನ್ನು ನಿರ್ಧರಿಸುವುದು ಅದು ಇರುವ ಆಳದ ನೀರಿಗೆ ಹೋಲಿಸಿದ ವೇಗ. ಈ ಸರೋವರದಲ್ಲಿ ಮೇಲೆ ಒಂದು ದಿಕ್ಕಿಗೆ ಅಲೆ ಹೊಡೆಯುತ್ತಿರುವಾಗಲೇ ಇಪ್ಪತ್ತು ಮೀಟರ್ ಕೆಳಗೆ ನೀರು ಇನ್ನೊಂದು ದಿಕ್ಕಿಗೆ ಹರಿಯುತ್ತಿರಬಹುದು. ಆ ಒಳಹರಿವು ಗಂಟೆಗೆ ಅರ್ಧ ಮೈಲಿ ಇದ್ದರೆ, ಅದಕ್ಕೆ ಎದುರಾಗಿ ಗಂಟೆಗೆ ಎರಡೂವರೆ ಮೈಲಿಯಲ್ಲಿ ಹೋದಾಗ ಸ್ಪೂನಿಗೆ ಮೂರು ಮೈಲಿಯ ಅನುಭವ, ಅದರೊಂದಿಗೆ ಹೋದರೆ ಎರಡರದ್ದು. ಸ್ಪೂನುಗಳಿಗೆ ಸಾಮಾನ್ಯವಾಗಿ ಎರಡೂಕಾಲರಿಂದ ಮೂರು ಮೈಲಿ ಒಗ್ಗುತ್ತದೆ, ಫ್ಲಾಷರ್ ಎಂಬ ಹೊಳೆಯುವ ಪಟ್ಟಿಯ ಹಿಂದೆ ಕಟ್ಟುವ ಫ್ಲೈಗಳಿಗೆ (ಎಳೆಗಳಿಂದ ಮಾಡಿದ ಹುಸಿ ಆಹಾರ) ಅದಕ್ಕಿಂತ ಸ್ವಲ್ಪ ಕಡಿಮೆ, ತಳದಲ್ಲಿರುವ ಲೇಕ್ ಟ್ರೌಟಿಗೆ ಇನ್ನೂ ನಿಧಾನ.

ಗುಂಡಿನ ಬಳಿಯ ವೇಗವನ್ನೂ ಉಷ್ಣತೆಯನ್ನೂ ಅಳೆದು ಮೇಲಕ್ಕೆ ತಿಳಿಸುವ ಉಪಕರಣಗಳು ಮಾರುಕಟ್ಟೆಯಲ್ಲಿವೆ, ಬೆಲೆ ಮಾತ್ರ ಕೈ ಸುಡುವಂಥದ್ದು. ಅದಿಲ್ಲದೆಯೂ ತಿಳಿಯುವ ದಾರಿಗಳಿವೆ. ಡೌನ್‌ರಿಗರ್ ತಂತಿ ನೀರಿಗೆ ಇಳಿಯುವ ಓರೆಯನ್ನು ಗಮನಿಸಿ: ಉತ್ತರಕ್ಕೆ ಹೋಗುವಾಗ ಇದ್ದ ಓರೆ ದಕ್ಷಿಣಕ್ಕೆ ಬರುವಾಗಲೂ ಬರುವಂತೆ ಎಂಜಿನ್ನಿನ ವೇಗವನ್ನು ಹೊಂದಿಸಿ, ಜಿಪಿಎಸ್ ಏನು ಹೇಳಿದರೂ ಕೇಳಬೇಡಿ. ಎರಡನೆಯದು ತಿರುವು. ದೋಣಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರೆ ಎಡಬದಿಯ ಗಾಳಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಬಲಬದಿಯವು ದೊಡ್ಡ ಸುತ್ತು ಹಾಕಬೇಕಾದ್ದರಿಂದ ವೇಗ ಪಡೆದು ಮೇಲೇರುತ್ತವೆ. ಯಾವ ಬದಿಯ ಕೋಲು ಬಡಿಯಿತು ಎಂಬುದರಿಂದ ಮೀನಿಗೆ ವೇಗ ಬೇಕೋ ನಿಧಾನ ಬೇಕೋ ಎಂಬ ಸುಳಿವು ಸಿಗುತ್ತದೆ. ಅನುಭವಿಗಳು ನೇರವಾಗಿ ಹೋಗದೆ ಸದಾ ಹಾವು ಹರಿದಂತೆ ಸೊಟ್ಟಗೆ ಸಾಗುವುದು ಇದೇ ಕಾರಣಕ್ಕೆ.

ಪ್ರಶ್ನೆ: ಯಾವ ಬಣ್ಣದ ಸ್ಪೂನ್ ಒಳ್ಳೆಯದು? (ಇದನ್ನು ಹಲವರು ಕೇಳಿದ್ದಾರೆ)

ಉತ್ತರ: ಆಳ ಮತ್ತು ಉಷ್ಣತೆ ಸರಿಯಾದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ನೀರಿನಲ್ಲಿ ಕೆಂಪು ಬಣ್ಣ ಮೊದಲು ಮಾಸುತ್ತದೆ, ಹಸಿರು ಮತ್ತು ನೀಲಿ ಹೆಚ್ಚು ಆಳದವರೆಗೆ ಉಳಿಯುತ್ತವೆ. ಆದ್ದರಿಂದ ವಸಂತದಲ್ಲಿ ಮೇಲ್ಪದರದಲ್ಲಿ ಸಿಗುವ ಕೋಹೊ ಸಾಮನ್‌ಗೆ ಕೆಂಪು ಅಥವಾ ಕಿತ್ತಳೆಯ ಚಿಕ್ಕ ಡಾಡ್ಜರ್ (ಫ್ಲಾಷರ್‌ನಂತೆಯೇ ಗಮನ ಸೆಳೆಯುವ ಪಟ್ಟಿ) ಮತ್ತು ಫ್ಲೈ, ಬೇಸಿಗೆಯ ಆಳಕ್ಕೆ ಹಸಿರು, ನೀಲಿ, ಬೆಳ್ಳಿ, ನಸುಕಿನ ಕತ್ತಲಿಗೆ ಟಾರ್ಚಿನ ಬೆಳಕು ಹೀರಿ ಹೊಳೆಯುವ ಲೇಪದವು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಸಾಮನ್ ಸಮುದ್ರದ ಮೀನೆಂದು ಓದಿದ್ದೇನೆ. ಸಮುದ್ರದಿಂದ ಇಷ್ಟು ದೂರದ ಸಿಹಿನೀರಿಗೆ ಅದು ಬಂದದ್ದು ಹೇಗೆ? (ಮಿಲ್ವಾಕಿಯ ಓದುಗರು)

ಉತ್ತರ: ಮನುಷ್ಯರು ತಂದು ಬಿಟ್ಟದ್ದು. ಈ ಸರೋವರದ ಮೂಲ ನಿವಾಸಿ ಲೇಕ್ ಟ್ರೌಟ್. ನಯಾಗರಾ ಜಲಪಾತ ಸಮುದ್ರದ ಕಡೆಯ ಜೀವಿಗಳಿಗೆ ಗೋಡೆಯಾಗಿ ನಿಂತಿತ್ತು, ಆದರೆ ಹಡಗುಗಳಿಗಾಗಿ ಅದನ್ನು ಬಳಸಿ ಹೋಗುವ ವೆಲೆಂಡ್ ಕಾಲುವೆ ತೋಡಿದ ಮೇಲೆ ಆ ಗೋಡೆಯಲ್ಲಿ ಬಾಗಿಲು ತೆರೆದಂತಾಯಿತು. ಇತರ ಮೀನುಗಳ ಮೈಗೆ ವೃತ್ತಾಕಾರದ ಬಾಯಿಂದ ಅಂಟಿಕೊಂಡು ರಕ್ತ ಹೀರುವ ಸೀ ಲ್ಯಾಂಪ್ರೇ 1936ರಲ್ಲಿ ಮಿಶಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಹಾವಳಿ ಮತ್ತು ಮಿತಿಮೀರಿದ ಮೀನುಗಾರಿಕೆ ಸೇರಿ 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ಇಲ್ಲಿ ಬಹುತೇಕ ಅಳಿದುಹೋಯಿತು. ತಿನ್ನುವ ದೊಡ್ಡ ಮೀನೇ ಇಲ್ಲದ ಸರೋವರದಲ್ಲಿ ಏಲ್‌ವೈಫ್ ಎಂಬ ಇನ್ನೊಂದು ಹೊರಗಿನ ಚಿಕ್ಕ ಮೀನು ಎಣೆಯಿಲ್ಲದಷ್ಟು ಹೆಚ್ಚಿತು. 1967ರಲ್ಲಿ ಅವು ರಾಶಿರಾಶಿಯಾಗಿ ಸತ್ತು ಶಿಕಾಗೊ ಮತ್ತಿತರ ಊರುಗಳ ದಡದ ಮೇಲೆ ಕೊಳೆತಾಗ ಅವನ್ನು ಯಂತ್ರಗಳಿಂದ ಬಾಚಿ ತೆಗೆಯಬೇಕಾಯಿತು.

ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ ಇಷ್ಟೊಂದು ಆಹಾರವನ್ನು ತಿನ್ನಲು ಪೆಸಿಫಿಕ್ ಸಾಮನ್ ತರೋಣವೆಂದು ನಿರ್ಧರಿಸಿ, 1966ರ ವಸಂತದಲ್ಲಿ ಪ್ಲಾಟ್ ನದಿಯೇ ಮೊದಲಾದೆಡೆ ಕೋಹೊ ಮರಿಗಳನ್ನು ಬಿಡಿಸಿದರು. ಮರುವರ್ಷ ಶಿನೂಕ್ ಮರಿಗಳೂ ಬಂದವು. ಇಂದು ನೀವು ಹಿಡಿಯುವ ಮೀನುಗಳ ಕಥೆ ಅಲ್ಲಿಂದ ಶುರುವಾಗುತ್ತದೆ. ಲ್ಯಾಂಪ್ರೇಯನ್ನು ನದಿಗಳಲ್ಲೇ ಕೊಲ್ಲುವ ರಾಸಾಯನಿಕದ ಬಳಕೆ ಇಂದಿಗೂ ನಡೆದಿದೆ, ಅದು ನಿಂತರೆ ಟ್ರೋಲಿಂಗ್ ಕೂಡ ನಿಲ್ಲುತ್ತದೆ.

ಆದರೆ ಮರಿ ಹೆಚ್ಚು ಬಿಟ್ಟಷ್ಟೂ ಮೀನು ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಶಿನೂಕ್ ಹೆಚ್ಚಾಗಿ ಏಲ್‌ವೈಫ್‌ನ್ನೇ ನೆಚ್ಚಿದೆ. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ಕುಸಿದಾಗ ಶಿನೂಕ್ ಬೇಟೆಯೂ ಕುಸಿಯಿತು. ಮಿಶಿಗನ್ ಸರೋವರದ ತಳವನ್ನು ಈಗ ಆವರಿಸಿರುವ ಕ್ವಾಗಾ ಚಿಪ್ಪುಜೀವಿಗಳು ನೀರನ್ನು ಸೋಸಿ ಸೋಸಿ, ಏಲ್‌ವೈಫ್ ತಿನ್ನುವ ಸೂಕ್ಷ್ಮಜೀವಿಗಳ ಬುಡಕ್ಕೇ ಕೈ ಹಾಕಿವೆ. ಆ ಭಯದಿಂದಲೇ 2013ರಲ್ಲಿ ಬಿಡುವ ಶಿನೂಕ್ ಮರಿಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ದೋಣಿಯವರು ಗೊಣಗಿದರೂ ಅದು ಸರಿಯಾದ ನಿರ್ಧಾರವಾಗಿತ್ತೆಂದೇ ನನ್ನ ಅಭಿಪ್ರಾಯ. ಹಾಗೆ ಮಾಡದಿದ್ದರೆ 2021ರಲ್ಲಿ ಲಡಿಂಗ್ಟನ್ ಬಳಿ ಸಿಕ್ಕ 47.86 ಪೌಂಡಿನ, ಮಿಶಿಗನ್ ರಾಜ್ಯದ ದಾಖಲೆಯ ಶಿನೂಕ್‌ನಂಥದ್ದು ಬೆಳೆಯಲು ಬೇಕಾದ ಆಹಾರ ಉಳಿಯುತ್ತಿತ್ತೇ ಎಂಬ ಅನುಮಾನ ನನಗಿದೆ.

ಪ್ರಶ್ನೆ: ನಮ್ಮದು ಹದಿನಾರು ಅಡಿಯ ದೋಣಿ. ಅದರಲ್ಲಿ ಹೋಗಬಹುದೇ? (ಶಾಂಬರ್ಗ್‌ನ ಓದುಗರು)

ಉತ್ತರ: ಏಪ್ರಿಲ್, ಮೇ ತಿಂಗಳುಗಳಲ್ಲಿ, ಗಾಳಿ ಇಲ್ಲದ ದಿನ, ದಡದ ಸಮೀಪದಲ್ಲಿ ಹೋಗಬಹುದು. ಆಗ ಇಡೀ ಸರೋವರ ತಣ್ಣಗಿದ್ದು, ಬೇಗ ಬೆಚ್ಚಗಾಗುವ ದಕ್ಷಿಣ ತುದಿಯಲ್ಲಿ, ಇಂಡಿಯಾನಾದ ಮಿಶಿಗನ್ ಸಿಟಿಯ ಆಸುಪಾಸಿನಲ್ಲಿ, ಕೋಹೊ ಸಾಮನ್ ಮೇಲ್ಪದರದಲ್ಲೇ ಸಿಗುತ್ತದೆ. ದಿನ ಕಳೆದಂತೆ ಅವು ಶಿಕಾಗೊ, ವಾಕೀಗನ್, ಕೆನೋಶಾ ಕಡೆಗೆ ಉತ್ತರಕ್ಕೆ ಸಾಗುತ್ತವೆ. ಬ್ರೌನ್ ಟ್ರೌಟ್ ಕೆಲವೊಮ್ಮೆ ಆಳು ಮುಳುಗದಷ್ಟು ನೀರಿನಲ್ಲೂ ಇರುತ್ತದೆ. ದೋಣಿಯ ಸದ್ದಿಗೆ ಬೆದರುವ ಈ ಮೀನುಗಳಿಗಾಗಿ ಗಾಳವನ್ನು ಮೂವತ್ತು ಮೀಟರ್ ಹಿಂದೆ ಬಿಟ್ಟು, ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆಯಿಂದ ಪಕ್ಕಕ್ಕೆ ಸರಿಸಬೇಕು. ಇದಕ್ಕೆ ಡೌನ್‌ರಿಗರ್ ಬೇಡ.

ಅಪಾಯವೂ ಅದೇ ತಿಂಗಳುಗಳಲ್ಲಿ ಹೆಚ್ಚು. ನೀರು ಐದಾರು ಡಿಗ್ರಿ ಇರುವಾಗ ಬಿದ್ದವರಿಗೆ ಉಸಿರು ಕಟ್ಟಿ ಕೈಕಾಲು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ, ಈಜು ಬಂದರೂ ಉಪಯೋಗಕ್ಕೆ ಬರುವುದಿಲ್ಲ. ಲೈಫ್ ಜಾಕೆಟ್ಟನ್ನು ಸೀಟಿನ ಕೆಳಗಿಡದೆ ಮೈಮೇಲೆ ಹಾಕಿಕೊಂಡಿರಬೇಕು. ಕೋಹೊ ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಮರಳಿದ 1967ರ ಸೆಪ್ಟೆಂಬರ್ 23ರಂದು ಪ್ಲಾಟ್ ಕೊಲ್ಲಿಯಲ್ಲಿ ನೂರಾರು ಸಣ್ಣ ದೋಣಿಗಳಿದ್ದಾಗ ಗಾಳಿ ಎದ್ದು ಏಳು ಜನ ಪ್ರಾಣ ಕಳೆದುಕೊಂಡರು. ಅಲೆ ಎರಡು ಅಡಿ ಮೀರುವ ಮುನ್ಸೂಚನೆ ಇದ್ದರೆ ಹದಿನಾರು ಅಡಿಯ ದೋಣಿಯನ್ನು ಮನೆಯಲ್ಲೇ ಬಿಟ್ಟು, ಬಾಡಿಗೆಯ ಚಾರ್ಟರ್ ದೋಣಿ ಹತ್ತಿ. ಅದಕ್ಕೂ ಮೀನು ಹಿಡಿಯುವ ಪ್ರತಿಯೊಬ್ಬ ವಯಸ್ಕರ ಹೆಸರಿನಲ್ಲಿ ಮೀನುಗಾರಿಕೆಯ ಪರವಾನಗಿ ಬೇಕು. ಇಲಿನಾಯ್, ವಿಸ್ಕಾನ್ಸಿನ್ ಮತ್ತು ಇಂಡಿಯಾನಾಗಳಲ್ಲಿ ಅದರ ಜೊತೆಗೆ ಸಾಮಾನ್ಯವಾಗಿ ಸಾಮನ್-ಟ್ರೌಟಿನ ಪ್ರತ್ಯೇಕ ಸ್ಟ್ಯಾಂಪನ್ನೂ ಕೊಳ್ಳಬೇಕು.

ಪ್ರಶ್ನೆ: ಹಿಡಿದ ಮೀನನ್ನು ಸಾರು ಮಾಡಿ ತಿನ್ನಬಹುದೇ? ಮಾಲಿನ್ಯದ ಮಾತು ಕೇಳಿ ಮನೆಯವರು ಹೆದರುತ್ತಾರೆ. (ನೇಪರ್‌ವಿಲ್‌ನ ಇನ್ನೊಬ್ಬ ಓದುಗರು)

ಉತ್ತರ: ತಿನ್ನಬಹುದು, ಮಿತಿಯಿರಲಿ. ಹಿಂದೆ ಕಾರ್ಖಾನೆಗಳಿಂದ ಸೇರಿದ ಪಿಸಿಬಿ ಎಂಬ ರಾಸಾಯನಿಕ ಇನ್ನೂ ಸರೋವರದಲ್ಲಿದೆ, ಅದು ಮೀನಿನ ಕೊಬ್ಬಿನಲ್ಲಿ ವರ್ಷವರ್ಷವೂ ಕೂಡುತ್ತ ಹೋಗುತ್ತದೆ. ಹೀಗಾಗಿ ಬಹುಕಾಲ ಬದುಕುವ ದೊಡ್ಡ ಲೇಕ್ ಟ್ರೌಟಿನಲ್ಲಿ ಹೆಚ್ಚು, ಮೂರನೆಯ ವರ್ಷಕ್ಕೇ ಆಯುಷ್ಯ ಮುಗಿಸುವ ಕೋಹೊದಲ್ಲಿ ಕಡಿಮೆ. ಚರ್ಮ, ಹೊಟ್ಟೆಯ ಕೊಬ್ಬು, ಬೆನ್ನಿನ ಮೇಲಿನ ಕೊಬ್ಬು ಮತ್ತು ಪಕ್ಕೆಯುದ್ದಕ್ಕೂ ಓಡುವ ಕಪ್ಪು ಮಾಂಸದ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ. ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಕೆಂಡದ ಮೇಲೆ ಸುಡುವುದು ಸಾರಿಗಿಂತ ಮೇಲು, ಏಕೆಂದರೆ ಸಾರಿನಲ್ಲಿ ಕರಗಿದ ಕೊಬ್ಬು ಪಾತ್ರೆಯಲ್ಲೇ ಉಳಿದು ಅನ್ನದ ಮೇಲೆ ಬೀಳುತ್ತದೆ. ಸಾರೇ ಬೇಕೆಂದರೆ ಚಿಕ್ಕ ಕೋಹೊವನ್ನು ಆರಿಸಿ, ಚರ್ಮ ತೆಗೆದು, ಹುಣಸೆಹುಳಿಯ ಮಸಾಲೆ ಚೆನ್ನಾಗಿ ಕುದಿದ ಮೇಲೆ ಕೊನೆಯಲ್ಲಿ ಹಾಕಿ. ಬಂಗುಡೆಯಷ್ಟು ಹೊತ್ತು ಬೇಯಿಸಿದರೆ ಪುಡಿಯಾಗುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಎಷ್ಟು ದಿನಕ್ಕೊಮ್ಮೆ ಕೊಡಬಹುದು ಎಂಬುದನ್ನು ರಾಜ್ಯದ ಆರೋಗ್ಯ ಇಲಾಖೆ ಮೀನಿನ ಜಾತಿ ಮತ್ತು ಉದ್ದಕ್ಕೆ ತಕ್ಕಂತೆ ಪ್ರಕಟಿಸುತ್ತದೆ. ಹಿಡಿದ ಕೂಡಲೇ ಮೀನಿನ ಉದ್ದವನ್ನು ಅಳೆದು ಬರೆದಿಟ್ಟುಕೊಂಡರೆ, ತುಂಡು ಮಾಡಿ ಫ್ರೀಜರಿಗೆ ಹಾಕಿದ ಮೇಲೂ ಆ ಪಟ್ಟಿಯನ್ನು ನೋಡಿಕೊಳ್ಳಲು ಅನುಕೂಲವಾಗುತ್ತದೆ.