ಹಳೆ ಬಟ್ಟೆ ಮತ್ತೆ ಬಟ್ಟೆಯಾಗಬೇಕಾದರೆ ಎಲ್ಲಿಂದ ಶುರು ಮಾಡಬೇಕು?

‘ಡಿಸೈನ್ ಓದುತ್ತಿದ್ದೇನೆ, ಕೊನೆಯ ಪ್ರಾಜೆಕ್ಟಿಗೆ ಬಟ್ಟೆಯ ಮರುಬಳಕೆ ಆರಿಸಿದ್ದೇನೆ, ಹಳೆ ಸೀರೆಯಲ್ಲಿ ಬ್ಯಾಗು ಹೊಲಿಯುವುದು ಬಿಟ್ಟು ಬೇರೇನು ಮಾಡಬಹುದು?’ ಅಂತ ಕೇಳಿದ್ದೀರಿ. ನಾನು ಈರೋಡಿನವನು, ಮಗ್ಗದ ದೇವಾಂಗರ ಮನೆ. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ನನ್ನನ್ನು ಕೇಳಿದರೆ, ನೂಲಿನಿಂದ ಶುರು ಮಾಡಿ.

ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟು ಹರಿದಾಗ ಎಳೆಗಳು ತುಂಡಾಗಿ ಗಿಡ್ಡವಾಗುತ್ತವೆ. ಗಿಡ್ಡ ಎಳೆಯಿಂದ ನಯವಾದ ತೆಳು ನೂಲು ತೆಗೆಯುವುದು ಕಷ್ಟ. ದಪ್ಪ ನೂಲು ಬರುತ್ತದೆ, ಗಟ್ಟಿಯಾಗಲು ಅದಕ್ಕೂ ಹೊಸ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಬೆರೆಸುತ್ತಾರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಉಳಿದ ಬಟ್ಟೆಚೂರು, ಅಂದರೆ ಕಟಿಂಗ್ ವೇಸ್ಟ್, ನಮ್ಮ ಕಡೆಯ ಓಪನ್ ಎಂಡ್ ಮಿಲ್ಲುಗಳಲ್ಲಿ (ಗಿಡ್ಡ ಎಳೆಯಿಂದಲೂ ನೂಲು ತೆಗೆಯುವ ಮಿಲ್ಲುಗಳು) ಹೀಗೇ ನೂಲಾಗುತ್ತದೆ. ಕೆಂಪು, ನೀಲಿ ಅಂತ ಮೊದಲೇ ವಿಂಗಡಿಸಿ ಹರಿದರೆ ಮತ್ತೆ ಬಣ್ಣ ಹಾಕಬೇಕಿಲ್ಲ. ಇದನ್ನು ಸಣ್ಣದೆಂದು ತಿಳಿಯಬೇಡಿ. ಬಣ್ಣ ಹಾಕುವ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿ, 2011ರಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಆ ಘಟಕಗಳನ್ನೇ ಮುಚ್ಚಿಸಬೇಕಾಯಿತು.

ಕಟಿಂಗ್ ವೇಸ್ಟ್ ಆದರೆ ಯಾವ ನೂಲಿನದೆಂದು ಗೊತ್ತಿರುತ್ತದೆ. ಉಟ್ಟು ಬಿಟ್ಟ ಬಟ್ಟೆಯಲ್ಲಿ ಆ ಭಾಗ್ಯವಿಲ್ಲ. ಹತ್ತಿಯೊಳಗೆ ಪಾಲಿಯೆಸ್ಟರ್, ಜೀನ್ಸಿನೊಳಗೆ ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆ, ಪಾಲಿಯೆಸ್ಟರ್ ಹೊಲಿಗೆ ದಾರ, ಝಿಪ್ಪು, ಮೇಲೆ ಅಂಟಿಸಿದ ಪ್ಲಾಸ್ಟಿಕ್ ಪ್ರಿಂಟು. ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಉಡುಪಾಗುವುದು ಶೇ. 1ಕ್ಕಿಂತ ಕಡಿಮೆ ಎಂದು ಮರುಬಳಕೆಗಾಗಿ ದುಡಿಯುವ ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2017ರಲ್ಲೇ ಹೇಳಿತ್ತು. ಈ ಬೆರಕೆ ತೀರ್ಮಾನವಾಗುವುದು ನಿಮ್ಮಂಥವರ ಮೇಜಿನ ಮೇಲೆ. ಹಾಗಾಗಿ ಒಂದೇ ನಾರಿನ ಉಡುಪು ಮಾಡಿ: ಹತ್ತಿ ಬಟ್ಟೆ, ಹತ್ತಿ ದಾರ, ಬಿಚ್ಚಿ ತೆಗೆಯಬಹುದಾದ ಗುಂಡಿ.

ಇನ್ನೊಂದು ದಾರಿ ನನಗೆ ಹೆಚ್ಚು ಪ್ರಿಯ. ಒಮ್ಮೆ ಈರೋಡಿನ ಪಕ್ಕದ ಭವಾನಿ ಊರಿಗೆ ಬಂದು ಅಲ್ಲಿನ ಜಮಖಾನೆ ನೋಡಿ. ದಪ್ಪ ಹೊಕ್ಕು (ಅಡ್ಡ ನೂಲು) ಹಾಸನ್ನು (ಉದ್ದ ನೂಲು) ಪೂರ್ತಿ ಮುಚ್ಚಿರುತ್ತದೆ. ಮಗ್ಗದ ಬಿಗಿತವನ್ನು ಹಾಸು ತಾಳಬೇಕು, ಹೊಕ್ಕಿಗೆ ಅಷ್ಟು ಎಳೆತವಿಲ್ಲ. ಅಂದರೆ ಹಾಸಿನಲ್ಲಿ ಹೊಸ ನೂಲು, ಹೊಕ್ಕಿನಲ್ಲಿ ಹರಿದು ತೆಗೆದ ನೂಲು ಇಟ್ಟರೆ ದಪ್ಪವೇ ಅದರ ಗುಣವಾಗುತ್ತದೆ. ಈಗ ಈ ನೂಲು ಹೆಚ್ಚಾಗಿ ಕಾಲೊರಸು, ಅಗ್ಗದ ಬೆಡ್‌ಶೀಟುಗಳಿಗೆ ಹೋಗುತ್ತಿದೆ. ಚಳಿಯ ಕೋಟು, ಶಾಲು, ಸೋಫಾ ಬಟ್ಟೆಗೆ ಯಾಕಾಗಬಾರದು? ಅದನ್ನು ಯೋಚಿಸುವ ಡಿಸೈನರ್ ನಮಗೆ ಬೇಕು.

ಮಿಲ್ಲಿನಿಂದ ಒಂದೆರಡು ಕೋನ್ ನೂಲು ತಂದು, ನೇಯುವವರ ಪಕ್ಕ ಕೂತು ಸ್ಯಾಂಪಲ್ ನೇಯಿಸಿ. ನಾಲ್ಕಾರು ಸಲ ಒಗೆದು, ಎಷ್ಟು ಕುಗ್ಗಿತು, ಎಲ್ಲಿ ಗಂಟು ಎದ್ದಿತು ಬರೆದಿಡಿ. ಪ್ರಾಜೆಕ್ಟ್ ವರದಿಯಲ್ಲಿ ಆ ಒಗೆದ ತುಂಡನ್ನೇ ಅಂಟಿಸಿ.