ರಾತ್ರಿ ಹತ್ತೂವರೆಯ ಬಿ.ಕಾಂ.

ಪ್ರಶ್ನೆ: ನನಗೆ 31 ವರ್ಷ. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪಿಯುಸಿ ಕಾಮರ್ಸ್‌ನಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು. ಬಿ.ಕಾಂ.ಗೆ ಸೇರಿದ ಎರಡೇ ತಿಂಗಳಿಗೆ ಮದುವೆ ಗೊತ್ತಾಗಿ ಓದು ನಿಂತಿತು. ಈಚೆಗೆ ಮಗಳ ಶಾಲೆಯ ಅರ್ಜಿಯಲ್ಲಿ ‘ತಾಯಿಯ ವಿದ್ಯಾರ್ಹತೆ’ ಎಂಬ ಕಡೆ ಪಿಯುಸಿ ಎಂದು ಬರೆಯುವಾಗ ಯಾಕೋ ಕೈ ತಡೆಯಿತು. ಆನ್‌ಲೈನ್ ಬಿ.ಕಾಂ. ಮಾಡಿಸುತ್ತೇವೆಂದು ಒಬ್ಬರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ. 1,20,000 ರೂಪಾಯಿ, ಕಂತಿನಲ್ಲಿ ಕಟ್ಟಬಹುದು, ಈ ವಾರವೇ ಸೇರಿದರೆ ರಿಯಾಯಿತಿ ಅಂತೆ. ಯಜಮಾನರು ‘ಮನೆಯಲ್ಲಿ ಕೂತು ತೆಗೆದುಕೊಂಡ ಡಿಗ್ರಿಗೆ ಬೆಲೆಯಿಲ್ಲ, ಕಾಗದಕ್ಕೆ ದುಡ್ಡು ಸುರಿಯಬೇಡ’ ಎನ್ನುತ್ತಾರೆ. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಸ್ಥಿತಿ ನನ್ನದಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ, ಹತ್ತೂವರೆಯಿಂದ ಓದಿಕೊಳ್ಳುತ್ತೇನೆ. ಸೇರಲೇ?
– ಹೆಸರು ಬೇಡ, ತಿಪಟೂರು

ಉತ್ತರ: ಸೇರಿ. ಆದರೆ ಈ ವಾರ ಬೇಡ, ಆ ಫೋನಿನವರ ಮೂಲಕ ಬೇಡ, ರಾತ್ರಿ ಹತ್ತೂವರೆಗಂತೂ ಬೇಡ.

ಮೊದಲು ಯಜಮಾನರ ಮಾತು. ‘ಬೆಲೆಯಿಲ್ಲ’ ಎನ್ನುವುದು ತಪ್ಪು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ನಿಯಮಾವಳಿಯ ಪ್ರಕಾರ, ಅನುಮತಿ ಪಡೆದ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಕೊಡುವ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಎಂಬ ಸರ್ಕಾರಿ ಹುದ್ದೆಗೆ ನಿಮ್ಮ ಪಿಯುಸಿ ಸಾಕು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗೆ ಪದವಿ ಬೇಕು. ಆ ಪದವಿ ಇದೂ ಆಗಬಹುದು. ಹಾಗೆಂದು ಅವರ ಅನುಮಾನ ಗಾಳಿಯಿಂದ ಬಂದದ್ದಲ್ಲ. ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013–14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದವರ ಪರದಾಟ ಊರೂರಿನಲ್ಲಿ ಮಾತಾಗಿತ್ತು. ಆದ್ದರಿಂದ ಅವರೊಡನೆ ವಾದ ಮಾಡಬೇಡಿ. ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ತನ್ನ ಜಾಲತಾಣದಲ್ಲಿ ಅನುಮತಿಯ ಪಟ್ಟಿ ಹಾಕುತ್ತದೆ, ಇಬ್ಬರೂ ಒಟ್ಟಿಗೆ ಕೂತು ನೋಡಿ. ವಿಶ್ವವಿದ್ಯಾಲಯದ ಹೆಸರು ಕಂಡರೆ ಸಾಲದು, ಬಿ.ಕಾಂ. ಎಂಬ ಕೋರ್ಸೂ ನೀವು ಸೇರುವ ವರ್ಷವೂ ಅಲ್ಲಿರಬೇಕು.

ಇನ್ನು ಆ ಫೋನು. ಇಂಥ ಕೋರ್ಸುಗಳನ್ನು ಫ್ರಾಂಚೈಸಿಗೆ ಕೊಡಲು ವಿಶ್ವವಿದ್ಯಾಲಯಗಳಿಗೆ ಅವಕಾಶವಿಲ್ಲ. ಶುಲ್ಕ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಟ್ಟಬೇಕು, ಪ್ರವೇಶಕ್ಕೆ ಬೇಕಾದ ಡಿಇಬಿ ಐಡಿಯನ್ನು, ಅಂದರೆ ಆ ಬ್ಯೂರೋದ ಗುರುತಿನ ಸಂಖ್ಯೆಯನ್ನು, ನೀವೇ ಮಾಡಿಕೊಳ್ಳಬೇಕು. ಒಟಿಪಿ ಯಾರಿಗೂ ಹೇಳಬೇಡಿ. ಕಂತು ಎಂದರೆ ಅನೇಕ ಸಲ ನಿಮ್ಮ ಹೆಸರಿನಲ್ಲಿ ಒಂದು ಸಾಲ. ಮೂರನೆಯ ತಿಂಗಳಿಗೆ ನೀವು ಓದು ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ. ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೆ?

ನನ್ನನ್ನು ಕೇಳಿದರೆ ನಿಮಗೆ ಆನ್‌ಲೈನಿಗಿಂತ ದೂರಶಿಕ್ಷಣವೇ, ಅಂದರೆ ಪುಸ್ತಕ ಇಟ್ಟುಕೊಂಡು ಮನೆಯಲ್ಲಿ ಓದಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುವುದೇ, ಒಗ್ಗುತ್ತದೆ. ಆನ್‌ಲೈನ್ ಕೋರ್ಸಿನ ಪರೀಕ್ಷೆಯನ್ನು ಮನೆಯಿಂದ ಬರೆಯುವುದಾದರೆ ಕ್ಯಾಮೆರಾ ನಿಮ್ಮನ್ನೇ ನೋಡುತ್ತಿರುತ್ತದೆ. ನಡುವೆ ಕರೆಂಟು ಹೋದರೆ, ಮಗಳು ‘ಅಮ್ಮಾ’ ಎಂದು ಕೋಣೆಗೆ ಓಡಿ ಬಂದರೆ ಪೀಕಲಾಟ. ಜರ್ನಲ್, ಲೆಡ್ಜರ್‌ಗಳನ್ನು ಕೈಯಲ್ಲಿ ಗೆರೆ ಎಳೆದೇ ಕಲಿಯಬೇಕು ಎನ್ನುವುದು ನನ್ನ ಹಳೇ ಹಟ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿ.ಕಾಂ. ಮೂರು ವರ್ಷದ್ದು, ಆದರೆ ಆರು ವರ್ಷದವರೆಗೆ ಎಳೆಯಬಹುದು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮಾರ್ಚ್‌ ಲೆಕ್ಕದ ಗಲಾಟೆ ಮುಗಿದು ಉಸಿರಾಡಲು ಎರಡು ತಿಂಗಳು ಸಿಗುತ್ತದೆ. ಕನ್ನಡದಲ್ಲಿ ಓದಬೇಕೆಂದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದವರನ್ನು ಮೊದಲು ವಿಚಾರಿಸಿ. ಎರಡೂ ಕಡೆ ಶುಲ್ಕ ಆ 1,20,000ದ ಹತ್ತಿರಕ್ಕೂ ಬರುವುದಿಲ್ಲ.

ಆದರೆ ನಿಮ್ಮ ಪತ್ರ ಓದುತ್ತ ನಾನು ನಿಂತುಬಿಟ್ಟದ್ದು ‘ಪಾತ್ರೆ ತೊಳೆದ ಮೇಲೆ’ ಎಂಬಲ್ಲಿ. ನಾನೂ ಎಂ.ಎ. ಪರೀಕ್ಷೆಗೆ ಹೊರಗಿನಿಂದ ಕಟ್ಟಿದವಳು, ಆಗ ಮಗನಿಗೆ ನಾಲ್ಕು ವರ್ಷ. ಅಕ್ಕಿ ಡಬ್ಬದ ಮೇಲೆ ವೇಳಾಪಟ್ಟಿ ಅಂಟಿಸಿ, ರಾತ್ರಿ ಹತ್ತರಿಂದ ಹನ್ನೆರಡು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಒಂದೂವರೆ ತಿಂಗಳಲ್ಲಿ ಓದಿದ್ದು ಹದಿನಾಲ್ಕು ಪುಟ. ಆ ಹದಿನಾಲ್ಕನ್ನೂ ಎರಡೆರಡು ಸಲ ಓದಿದ್ದೆ, ಏಕೆಂದರೆ ಹಿಂದಿನ ರಾತ್ರಿ ಎಲ್ಲಿಗೆ ನಿದ್ದೆ ಬಂತೆಂದೇ ನೆನಪಿರುತ್ತಿರಲಿಲ್ಲ. ಕೊನೆಗೆ ನನ್ನನ್ನು ದಾಟಿಸಿದ್ದು ಬೆಳಗಿನ ಐದರಿಂದ ಆರು. ಆ ಒಂದು ಗಂಟೆ ಹಾಲು ಕಾಯಿಸುವುದು, ಮಗ ಎದ್ದರೆ ನೋಡಿಕೊಳ್ಳುವುದು ಮನೆಯವರ ಪಾಲಿಗೆ ಹೋಯಿತು. ಸುಮ್ಮನೆ ಹೋಗಲಿಲ್ಲ, ವಾರವಿಡೀ ಮುಖ ಊದಿಸಿಕೊಂಡೇ ಹೋಯಿತು.

ನಿಮ್ಮ ಯಜಮಾನರು ದುಡ್ಡಿನ ಮಾತಾಡುತ್ತಿದ್ದಾರೆ. ನೀವು ಅವರಲ್ಲಿ ಕೇಳಬೇಕಾದದ್ದು ದುಡ್ಡಲ್ಲ, ಆ ಪಾತ್ರೆ. ರಾತ್ರಿಯ ಪಾತ್ರೆ ಅವರು ತೊಳೆದರೆ ನೀವು ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳಬಹುದು. ದುಡ್ಡು ಕಟ್ಟುವ ಮೊದಲೇ ಇದನ್ನು ಪರೀಕ್ಷೆ ಮಾಡಿ ನೋಡಿ. ಮೊದಲ ವರ್ಷದ ಅಕೌಂಟೆನ್ಸಿ ಪುಸ್ತಕ ಹಳೆಯದು ಎಲ್ಲಾದರೂ ಸಿಗುತ್ತದೆ. ಒಂದು ತಿಂಗಳು ಓದಿ, ಓದಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂವತ್ತರಲ್ಲಿ ಇಪ್ಪತ್ತು ಗುರುತು ಬಿದ್ದರೆ ಕಣ್ಣು ಮುಚ್ಚಿ ಸೇರಿ. ಹತ್ತೂ ಬೀಳದಿದ್ದರೆ ಓದಿನಲ್ಲಿ ನೀವು ಹಿಂದೆಂದು ತಿಳಿಯಬೇಡಿ. ಮನೆಯಲ್ಲಿ ಇನ್ನೂ ಯಾವುದೋ ಕೆಲಸ ಕೈ ಬದಲಾಗಬೇಕಿದೆ. ಇಗ್ನೋ ಜನವರಿಯಲ್ಲೂ ಜುಲೈನಲ್ಲೂ ಪ್ರವೇಶ ಕೊಡುತ್ತದೆ, ಹಾಗಾಗಿ ‘ಈ ವಾರವೇ’ ಎಂಬ ಮಾತಿಗೆ ಅರ್ಥವಿಲ್ಲ.

ಪದವಿ ಬಂದರೆ ಮಂಡಿಯವರು ಸಂಬಳ ಏರಿಸುತ್ತಾರೋ ಇಲ್ಲವೋ, ಈಗಲೇ ಕೇಳಿ ನೋಡಿ. ಏರಿಸದಿದ್ದರೂ ಶಾಲೆಯ ಅರ್ಜಿಯ ಆ ಒಂದು ಗೆರೆಗಾಗಿ ಓದುತ್ತೇನೆ ಎಂದರೆ ನನ್ನ ಮಟ್ಟಿಗೆ ಅದೇ ಸಾಕಾದ ಕಾರಣ. ಯಜಮಾನರಿಗೂ ಅದನ್ನೇ ಹೇಳಿ. ಪತ್ರದಲ್ಲಿ ನನಗೆ ಬರೆದಿದ್ದೀರಿ, ಅವರಿಗೆ ಹೇಳಿದ ಹಾಗೆ ಕಾಣಲಿಲ್ಲ.

ನಾಳೆ ಆ ಫೋನು ಮತ್ತೆ ಬರುತ್ತದೆ. ‘ಈ ವರ್ಷದ ಅನುಮತಿ ಪತ್ರ ಕಳಿಸಿ, ಓದಿ ಹೇಳುತ್ತೇನೆ’ ಎಂದು ಇಟ್ಟುಬಿಡಿ.