ಕಂಬಳದ ಸಿಟ್ಟಿಗೆ ನಾಯಿಗಳ ದೇಣಿಗೆ ನಿಲ್ಲಿಸಬೇಡಿ

ಕಂಬಳಕ್ಕೆ ಅಡ್ಡ ಬಂದರೆಂದು ಪ್ರಾಣಿ ಸಂಘಗಳಿಗೆ ದೇಣಿಗೆ ಕೊಡುವುದನ್ನೇ ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಅವರೆಲ್ಲ ಒಂದೇ ಗುಂಪು ಅಂದುಕೊಂಡಿದ್ದೀರಲ್ಲ, ನನ್ನ ತಕರಾರು ಅಲ್ಲೇ.

ಪ್ರಾಣಿ ಕಲ್ಯಾಣದವರು ಸಾಕುವುದನ್ನು, ದುಡಿಸುವುದನ್ನು ಒಪ್ಪುತ್ತಾರೆ. ಅನಗತ್ಯ ನೋವು ಕೊಡಬೇಡಿ ಅನ್ನುತ್ತಾರೆ. ಪ್ರಾಣಿ ಹಕ್ಕಿನವರು ಪ್ರಾಣಿಗಳ ಬಳಕೆಯನ್ನೇ ಒಪ್ಪುವುದಿಲ್ಲ. ಕೋಳಿ ಫಾರಂನಲ್ಲಿ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಿ ಎನ್ನುವುದು ಕಲ್ಯಾಣ, ಮೊಟ್ಟೆಯೇ ಬೇಡ ಎನ್ನುವುದು ಹಕ್ಕು.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕಲ್ಯಾಣದ ಸಾಲಿನದು. ಅನಗತ್ಯ ನೋವಿಲ್ಲದೆ ಆಹಾರಕ್ಕಾಗಿ ಕೊಲ್ಲುವುದು ಅದರಲ್ಲಿ ಅಪರಾಧವಲ್ಲ. ಎತ್ತಿಗೆ ಹಿಂಸೆ ಕೊಟ್ಟವನಿಗೆ ಮೊದಲ ಸಲ ಬೀಳುವ ದಂಡ 10ರಿಂದ 50 ರೂಪಾಯಿ, ಅಷ್ಟೇ! ಇದನ್ನು ಹೆಚ್ಚಿಸಿ ಎಂದು ಎರಡೂ ಕಡೆಯವರು ಒತ್ತಾಯಿಸುತ್ತಲೇ ಇದ್ದಾರೆ.

ಗೊಂದಲಕ್ಕೆ ಕಾರಣವೂ ಇದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿದ ಪ್ರಕರಣದಲ್ಲಿ ಸರ್ಕಾರದ್ದೇ ಆದ ಪ್ರಾಣಿ ಕಲ್ಯಾಣ ಮಂಡಳಿಯೂ ಹಕ್ಕಿನ ಸಂಘಟನೆ ಪೆಟಾವೂ ಒಂದೇ ಕಡೆ ನಿಂತಿದ್ದವು. ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಈಗ ಕೋಣಕ್ಕೆ ಬೆತ್ತದ ಏಟು ಬೀಳುತ್ತಿದೆಯೇ, ಗದ್ದೆಯ ಬಳಿ ಪಶುವೈದ್ಯರಿದ್ದಾರೆಯೇ ಎಂದು ನೋಡುವುದು ಕಲ್ಯಾಣದ ಕೆಲಸ. ಆ ಕೆಲಸ ಕಂಬಳ ಪ್ರಿಯರಿಗೇ ಮೊದಲು ಬೇಕು.

ದಾನಿಗಳು ಎಡವುವುದು ಒಂದೇ ಕಡೆ: ಕಾಲು ಮುರಿದ ನಾಯಿಮರಿಯ ಫೋಟೋ ನೋಡಿ ಹಣ ಹಾಕುತ್ತಾರೆ. ಫೋಟೋ ಎರಡೂ ಥರದ ಸಂಘಗಳಲ್ಲಿ ಇರುತ್ತದೆ. ಹೆಸರಿನಿಂದಲೂ ತಿಳಿಯುವುದಿಲ್ಲ. 80ಜಿ ರಸೀದಿ ತೆರಿಗೆ ವಿನಾಯಿತಿಗಷ್ಟೇ, ಹಣ ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ. ಟ್ರಸ್ಟ್ ಡೀಡ್‌ನ (ಸಂಘದ ಸ್ಥಾಪನಾ ಪತ್ರದ) ಉದ್ದೇಶಗಳ ಪುಟ ಮತ್ತು ಕಳೆದ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಔಷಧ, ಮೇವು, ಪಶುವೈದ್ಯರ ಸಂಬಳ, ಆಂಬುಲೆನ್ಸ್ ಡೀಸೆಲ್ ದೊಡ್ಡ ಮೊತ್ತವಾಗಿದ್ದರೆ ನಿಮ್ಮ ಹಣ ನಾಯಿಗೆ ತಲುಪುತ್ತದೆ. ವಕೀಲರ ಫೀಸು, ಪ್ರಚಾರವೇ ಹೆಚ್ಚಿದ್ದರೆ ಅದು ಬಹುಶಃ ಹಕ್ಕಿನ ಸಂಘ. ಅದು ಮೋಸವಲ್ಲ, ಅವರ ಕೆಲಸವೇ ಅದು. ಕೋರ್ಟಿಗೆ ಹೋಗುವವರೂ ಬೇಕು, ಆದರೆ ಗೊತ್ತಿದ್ದು ಕೊಡಿ.

ಬೀದಿನಾಯಿಗಳ ಸಂತಾನಹರಣ ಮಾಡುವ ಸಂಘವಾದರೆ ಇನ್ನೂ ಎರಡು ಪ್ರಶ್ನೆ: 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳಡಿ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯೇ? ಆಪರೇಷನ್ ಜೊತೆಗೇ ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡುತ್ತಾರೆಯೇ? ಮಾನ್ಯತೆ ಪತ್ರದ ಪ್ರತಿ ಕೊಡಲು ಹಿಂಜರಿದರೆ ಅಲ್ಲಿಗೆ ಕೊಡಬೇಡಿ.